ಅಮ್ಮತ್ತಿ ಎಲ್ಲಿ ಹೋಯ್ತು? ದಾಖಲೆಗಳು ಮೂರು ಕಾಲಂನಲ್ಲಿ ಸರಿಯಾಗಿ ಬಾರದಿದ್ದಾಗ ಹುಡುಕುವ ಬಗೆ

ಸುಂಟಿಕೊಪ್ಪದ ಸುತ್ತಮುತ್ತಲಿನ ನಾವು ಕೆಲವು ಕಾಫಿ ಬೆಳೆಗಾರರು ಸೇರಿ ಮಳೆ ಲೆಕ್ಕಕ್ಕೆ ಒಂದು ವೆಬ್ ಪುಟ ಇಟ್ಟುಕೊಂಡಿದ್ದೇವೆ. ಕೊಡಗು ಜಿಲ್ಲೆಯ 20 ಊರುಗಳಿಂದ ಪರಿಚಯದವರು ಬೆಳಿಗ್ಗೆ ಮಳೆಮಾಪಕ ನೋಡಿ ಲೆಕ್ಕ ಹಾಕುತ್ತಾರೆ. ಪಿಎಚ್‌ಪಿಯಲ್ಲಿ ಬರೆದ ಪುಟ, ಹಿಂದೆ ಮೈಎಸ್‌ಕ್ಯುಎಲ್ ಡೇಟಾಬೇಸ್. ಊರುಗಳ ಹೆಸರು ಅಕಾರಾದಿಯಾಗಿ ಮೂರು ಕಾಲಂನಲ್ಲಿ ಬರಬೇಕು, ಒಂದೊಂದು ಊರಿಗೆ ಒಂದೊಂದು ಚಿಕ್ಕ ಚೌಕ. ಕೆಲಸ ಇಷ್ಟೇ.

ಜುಲೈಯ ಜೋರು ಮಳೆಯಲ್ಲಿ ಅಮ್ಮತ್ತಿಯ ಹಿರಿಯರೊಬ್ಬರು ಫೋನ್ ಮಾಡಿದರು. "ಅಲ್ಲ ಮಗಾ, ನಾನು ದಿನಾ ಲೆಕ್ಕ ಹಾಕ್ತಾ ಇದ್ದೇನೆ. ನಮ್ಮ ಅಮ್ಮತ್ತಿ ಮಾತ್ರ ಕಾಣ್ತಾನೇ ಇಲ್ಲ ಅಲ್ವಾ?"

"ಇವತ್ತು ಮಾತ್ರವಾ ಮಾವ, ದಿನಾನಾ?"

"ದಿನಾ."

ಆ ಒಂದು ಮಾತಿನಿಂದ ಅರ್ಧ ಕೆಲಸ ಮುಗಿಯಿತು. ಹೇಗೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ.

ಕಾಲಂ ಕಿತ್ತು ಹಾಕಿ ನೋಡಿ

ಮೊದಲು ಪದದ ಗೊಂದಲ ಬೇಡ. ಈ ಬರಹದಲ್ಲಿ ಕಾಲಂ ಅಂದರೆ ಪುಟದ ಮೇಲೆ ಕಣ್ಣಿಗೆ ಕಾಣುವ ಉದ್ದ ಪಟ್ಟಿ. ಡೇಟಾಬೇಸ್ ಟೇಬಲ್ಲಿನ ಒಳಗಿರುವುದನ್ನು ಫೀಲ್ಡ್ ಅನ್ನುತ್ತೇನೆ.

ಪುಟ ಹಾಳಾಗಿ ಕಂಡ ಕೂಡಲೇ ನಾವೆಲ್ಲ ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ತಿದ್ದಲು ಕೂರುತ್ತೇವೆ. ಅಗಲ ಬದಲಿಸುತ್ತೇವೆ, ಅಂಚು ಬದಲಿಸುತ್ತೇವೆ, ಗಂಟೆಗಟ್ಟಲೆ ಹೋಗುತ್ತದೆ. ನನ್ನ ಅನುಭವದಲ್ಲಿ ಕಾಲಂ ದೋಷಗಳಲ್ಲಿ ಜಾಸ್ತಿ ಪಾಲು ಕಾಲಂನದ್ದೇ ಅಲ್ಲ. ದಾಖಲೆ ಮೂರು ಕಡೆ ಹಾದು ಬರುತ್ತದೆ: ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಲೂಪ್ (ಬಂದ ದಾಖಲೆಗಳನ್ನು ಒಂದೊಂದಾಗಿ ಬರೆಯುವ ಕೋಡ್), ಆಮೇಲೆ ಬ್ರೌಸರ್. ಯಾವ ಕಡೆ ಕೆಟ್ಟಿದೆ ಎಂದು ತಿಳಿಯದೆ ಎಲ್ಲಿಯೂ ಕೈ ಹಾಕಬೇಡಿ.

ಅದಕ್ಕೆ ಸುಲಭದ ದಾರಿ ಇದೆ. ಪುಟದಲ್ಲಿರುವ ಅದೇ ಕ್ವೆರಿಯನ್ನು ನಕಲು ಮಾಡಿ, ಡೇಟಾಬೇಸ್ ತೆರೆದು ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಓಡಿಸಿ. ಎಷ್ಟು ದಾಖಲೆ ಬಂತು ಎಂದು ಬರೆದುಕೊಳ್ಳಿ. ನಂತರ ಬ್ರೌಸರಿನಲ್ಲಿ ಪುಟ ತೆರೆದು, ವ್ಯೂ ಸೋರ್ಸ್ ಒತ್ತಿ, ಎಚ್‌ಟಿಎಂಎಲ್‌ನಲ್ಲಿ ಎಷ್ಟು ಊರು ಇದೆ ಎಣಿಸಿ. ಕೊನೆಗೆ ಕಣ್ಣಿಗೆ ಕಾಣುವ ಚೌಕ ಎಣಿಸಿ. ಕ್ವೆರಿಯಲ್ಲಿ 20, ಸೋರ್ಸಿನಲ್ಲಿ 19 ಅಂದರೆ ತಪ್ಪು ಲೂಪಿನದು. ಕ್ವೆರಿಯಲ್ಲೇ 19 ಅಂದರೆ ಪಿಎಚ್‌ಪಿ ಮುಟ್ಟುವುದೇ ಬೇಡ. ಎರಡರಲ್ಲೂ 20 ಇದ್ದು ಪುಟ ಮಾತ್ರ ಚೆಲ್ಲಾಪಿಲ್ಲಿ ಅಂದರೆ ಆಗ ಸಿಎಸ್‌ಎಸ್ ನೋಡಿ.

ಎಣಿಕೆ ಸರಿಯಿದ್ದೂ ಅನುಮಾನ ಹೋಗದಿದ್ದರೆ ಸಿಎಸ್‌ಎಸ್ ಫೈಲಿನ ಕೊಂಡಿಯನ್ನು ಸ್ವಲ್ಪ ಹೊತ್ತು ತೆಗೆಯಿರಿ. ಎಲ್ಲ ದಾಖಲೆ ಒಂದರ ಕೆಳಗೆ ಒಂದು ಇಳಿಯುತ್ತವೆ. ಆ ಒಂಟಿ ಪಟ್ಟಿ ಸರಿಯಾದ ಕ್ರಮದಲ್ಲಿ, ಪೂರ್ತಿಯಾಗಿ ಬರುವವರೆಗೆ ಕಾಲಂ ಬಗ್ಗೆ ಯೋಚಿಸಬೇಡಿ.

ಊರು ಕಾಣೆಯಾದಾಗ

ದಿನಾ ಒಂದೇ ಊರು ಕಾಣೆಯಾ, ದಿನಕ್ಕೊಂದು ಊರು ಕಾಣೆಯಾ? ಒಂದೇ ಊರಾದರೆ ಅದು ಪಟ್ಟಿಯ ಮೊದಲನೆಯದಾ, ಕೊನೆಯದಾ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ದೋಷ ಸಿಕ್ಕಂತೆ.

ಅಮ್ಮತ್ತಿ ನಮ್ಮ ಪಟ್ಟಿಯಲ್ಲಿ ಮೊದಲನೆಯದು. ಅದರ ನಂತರ ಐಗೂರು, ಕುಟ್ಟ, ಕುಶಾಲನಗರ, ಹೀಗೆ ಸೋಮವಾರಪೇಟೆವರೆಗೆ. ಮೊದಲನೆಯದು ದಿನಾ ಕಾಣೆ ಅಂದರೆ ಲೂಪಿಗಿಂತ ಮೊದಲೇ ಯಾರೋ ಒಂದು ದಾಖಲೆ ಎತ್ತಿಕೊಂಡಿದ್ದಾರೆ ಎಂದೇ ಅರ್ಥ. ತೆಗೆದು ನೋಡಿದರೆ ಹಾಗೇ ಇತ್ತು. ಪುಟದ ತಲೆಯಲ್ಲಿ ತಾರೀಕು ತೋರಿಸಲು ನಾನೇ ಒಮ್ಮೆ ಫೆಚ್ ಕರೆದಿದ್ದೆ. ಫೆಚ್ ಕರೆದಾಗಲೆಲ್ಲ ಒಂದು ದಾಖಲೆ ಕೈಗೆ ಬರುತ್ತದೆ, ಗುರುತು ಮುಂದಿನದಕ್ಕೆ ಸರಿಯುತ್ತದೆ. ಆಮೇಲೆ ವೈಲ್ ಲೂಪ್ ಶುರುವಾಗುವುದು ಐಗೂರಿನಿಂದ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಎಲ್ಲ ದಾಖಲೆಗಳನ್ನು ಫೆಚ್-ಆಲ್ ಮಾಡಿ ಮೊದಲು ಒಂದು ಅರೇಗೆ (ಕೋಡಿನೊಳಗಿನ ಪಟ್ಟಿಗೆ) ತುಂಬಿಕೊಳ್ಳಿ. ತಾರೀಕು ಬೇಕಾದರೆ ಅರೇಯ ಮೊದಲ ಮನೆಯಿಂದ ಓದಿ. ಅರೇಯಿಂದ ಓದಿದರೆ ಏನೂ ಖಾಲಿಯಾಗುವುದಿಲ್ಲ.

ಕೊನೆಯ ಒಂದೆರಡು ಊರು ಕಾಣೆಯಾದರೆ ಕತೆ ಬೇರೆ. ಮೂರು ದಾಖಲೆ ಸೇರಿದ ಮೇಲೆ ಒಂದು ಸಾಲು ಬರೆಯುವಂತೆ ಕೋಡ್ ಇರುತ್ತದೆ. 20 ಊರಿನಲ್ಲಿ 18ಕ್ಕೆ ಆರು ಸಾಲು ಆಯಿತು. ಉಳಿದ ಸುಂಟಿಕೊಪ್ಪ, ಸೋಮವಾರಪೇಟೆ ಎರಡೇ ಇರುವುದರಿಂದ ಸಾಲು ತುಂಬುವುದಿಲ್ಲ, ಬರೆಯುವ ಹೊತ್ತೇ ಬರುವುದಿಲ್ಲ. ಈ ದೋಷಕ್ಕೆ ಒಂದು ಮೋಸದ ಗುಣ ಇದೆ. ನಾಳೆ ಯಾರೋ 21ನೇ ಊರು ಸೇರಿಸಿದರೆ ಎಲ್ಲ ತಾನಾಗಿ ಸರಿಯಾಗುತ್ತದೆ. ನೀವು ನೆಮ್ಮದಿಯಾಗುತ್ತೀರಿ. 22ನೇ ಊರು ಬಂದ ದಿನ ಮತ್ತೆ ಶುರು. ಲೂಪ್ ಮುಗಿದ ಮೇಲೆ ಉಳಿಕೆ ಇದೆಯಾ ಎಂದು ನೋಡಿ ಅದನ್ನೂ ಬರೆಯಬೇಕು. ಇದರ ಜೋಡಿ ತಪ್ಪು ಇನ್ನೊಂದು: ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿ, ಮೂರರಿಂದ ಭಾಗಿಸಿ ಶೇಷ ಸೊನ್ನೆ ಬಂದರೆ ಸಾಲು ಮುಚ್ಚು ಎಂದು ಬರೆಯುವುದು. ಸೊನ್ನೆಗೂ ಶೇಷ ಸೊನ್ನೆಯೇ ಅಲ್ವಾ? ಮೊದಲ ಊರು ಬರುವ ಮುಂಚೆಯೇ ಒಂದು ಸಾಲು ಮುಚ್ಚಿಹೋಗಿ ಮೇಲೆ ಸುಮ್ನೆ ಒಂದು ಖಾಲಿ ಜಾಗ ಉಳಿಯುತ್ತದೆ.

ದಿನಕ್ಕೊಂದು ಊರು ಕಾಣೆಯಾಗುವುದು ಇವೆಲ್ಲಕ್ಕಿಂತ ದೊಡ್ಡ ದೋಷ. ನಮ್ಮಲ್ಲಿ ಇದನ್ನು ಹಿಡಿಯಲು ಒಂದು ಮಳೆಗಾಲವೇ ಬೇಕಾಯಿತು. ಜೋರು ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಭಾಗಮಂಡಲದಿಂದಲೋ ನಾಪೋಕ್ಲುವಿನಿಂದಲೋ ಆ ದಿನದ ಲೆಕ್ಕ ಬರುವುದಿಲ್ಲ. ಪುಟದಲ್ಲಿ ಆ ಊರೇ ಇರುವುದಿಲ್ಲ. ಅದರ ಜಾಗಕ್ಕೆ ಮುಂದಿನ ಊರು ಸರಿಯುತ್ತದೆ, ಅದರ ಹಿಂದೆ ಎಲ್ಲವೂ ಒಂದೊಂದು ಮನೆ ಸರಿಯುತ್ತವೆ. ನಿನ್ನೆ ಮಡಿಕೇರಿ ಇದ್ದ ಕಡೆ ಇವತ್ತು ಮಾದಾಪುರ. ನೋಡುವವರಿಗೆ ಕಾಲಂ ಕುಣಿದಂತೆ ಕಾಣುತ್ತದೆ. ನಾನೂ ಕಾಲಂ ತಪ್ಪು ಅಂದುಕೊಂಡೇ ಹುಡುಕಿದೆ.

ಕಾರಣ ಇದ್ದದ್ದು ಕ್ವೆರಿಯಲ್ಲಿ. ಊರಿನ ಟೇಬಲ್ ಒಂದು, ಮಳೆಯ ಟೇಬಲ್ ಇನ್ನೊಂದು. ಎರಡನ್ನೂ ಇನ್ನರ್ ಜಾಯಿನ್‌ನಲ್ಲಿ ಸೇರಿಸಿದ್ದೆ. ಇನ್ನರ್ ಜಾಯಿನ್ ಎರಡೂ ಕಡೆ ಇರುವುದನ್ನು ಮಾತ್ರ ಕೊಡುತ್ತದೆ. ಮಳೆ ಟೇಬಲ್ಲಿನಲ್ಲಿ ಆ ದಿನದ ದಾಖಲೆ ಇಲ್ಲದ ಊರನ್ನು ಬಿಟ್ಟುಬಿಡುತ್ತದೆ. ಊರಿನ ಟೇಬಲ್ ಎಡಕ್ಕೆ ಇಟ್ಟು ಲೆಫ್ಟ್ ಜಾಯಿನ್ ಮಾಡಿದರೆ 20 ಊರೂ ಬರುತ್ತವೆ, ಲೆಕ್ಕ ಬಾರದ ಊರಿನ ಮುಂದೆ ನಲ್ (ಏನೂ ಇಲ್ಲ ಎಂಬ ಗುರುತು) ಇರುತ್ತದೆ.

ಇಷ್ಟು ಮಾಡಿಯೂ ಸರಿಯಾಗದಿದ್ದರೆ ತಾರೀಕಿನ ಷರತ್ತು ಎಲ್ಲಿದೆ ನೋಡಿ. ಅದು ವೇರ್ ಭಾಗದಲ್ಲಿದ್ದರೆ ಲೆಫ್ಟ್ ಜಾಯಿನ್ ಮಾಡಿದ್ದು ವ್ಯರ್ಥ. ನಲ್ ಇರುವ ತಾರೀಕು ಇವತ್ತಿನ ತಾರೀಕಿಗೆ ಸಮ ಆಗುವುದಿಲ್ಲ, ಆದ್ದರಿಂದ ಆ ಊರು ಮತ್ತೆ ಬಿದ್ದುಹೋಗುತ್ತದೆ. ತಾರೀಕಿನ ಷರತ್ತನ್ನು ಆನ್ ಭಾಗಕ್ಕೆ ತನ್ನಿ. ಲೆಫ್ಟ್ ಜಾಯಿನ್ ಗೊತ್ತಿರುವ ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ನಲ್ ಬಂದಾಗ ಪುಟದಲ್ಲಿ 0 ಎಂದು ತೋರಿಸಬೇಡಿ, ಇದನ್ನು ಕೈ ಮುಗಿದು ಕೇಳುತ್ತೇನೆ. ಸೊನ್ನೆ ಅಂದರೆ ಮಾಪಕ ನೋಡಿದೆ, ಮಳೆ ಇಲ್ಲ ಎಂದು. ನಲ್ ಅಂದರೆ ಲೆಕ್ಕವೇ ಬಂದಿಲ್ಲ ಎಂದು. ಭಾಗಮಂಡಲದಲ್ಲಿ ಮಳೆ ಇಲ್ಲ ಎಂದು ಜುಲೈಯಲ್ಲಿ ಪುಟ ಹೇಳಿದರೆ ಅದನ್ನು ನಂಬಿ ಹೊಳೆ ಪಕ್ಕದ ಗದ್ದೆಗೆ ಇಳಿಯುವವರು ಇರುತ್ತಾರೆ. "ಲೆಕ್ಕ ಬಂದಿಲ್ಲ" ಎಂದೇ ಬರೆಯಿರಿ.

ಒಂದೇ ಊರು ಎರಡು ಸಲ

ಇದಕ್ಕೆ ನಮ್ಮ ಜಿಲ್ಲೆಯ ಊರ ಹೆಸರುಗಳೇ ಸಾಕು. ಒಬ್ಬರು ವಿರಾಜಪೇಟೆ ಎಂದು ಬರೆಯುತ್ತಾರೆ, ಇನ್ನೊಬ್ಬರು ವೀರಾಜಪೇಟೆ. ಗೋಣಿಕೊಪ್ಪ, ಗೋಣಿಕೊಪ್ಪಲು. ನಾಪೋಕ್ಲು, ನಾಪೊಕ್ಲು. ಬರೆಯುವವರಿಗೆ ಎರಡೂ ಸರಿ. ಡೇಟಾಬೇಸಿಗೆ ಎರಡು ಬೇರೆ ಊರು. ಕಣ್ಣಿಗೆ ಒಂದೇ ಥರ ಕಂಡರೂ ಬೇರೆಯಾಗಿರುವುದು ಉಂಟು. 'ಗೋ' ಅಕ್ಷರದ ಓತ್ವದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿ ಸೇರಿಸಿಯೂ ಬರೆಯಬಹುದು. ಹೆಸರಿನ ಕೊನೆಗೆ ಯಾರೋ ಬಿಟ್ಟ ಖಾಲಿ ಜಾಗವೂ ಕಣ್ಣಿಗೆ ಬೀಳುವುದಿಲ್ಲ.

ಹೆಸರು ತಿದ್ದುತ್ತಾ ಕೂರಬೇಡಿ, ತಿದ್ದಿ ಮುಗಿಯುವುದಿಲ್ಲ. ಊರಿನ ಟೇಬಲ್ಲಿನಲ್ಲಿ ಪ್ರತಿ ಊರಿಗೂ ಒಂದು ನಂಬರ್ ಕೊಡಿ. ಮಳೆ ಟೇಬಲ್ಲಿನಲ್ಲಿ ಆ ನಂಬರ್ ಮಾತ್ರ ಇರಲಿ. ಲೆಕ್ಕ ಹಾಕುವ ಫಾರ್ಮಿನಲ್ಲಿ ಹೆಸರು ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ಇಷ್ಟಾದ ಮೇಲೂ ಊರು ಎರಡು ಸಲ ಬಂದರೆ ಒಬ್ಬರು ಒಂದೇ ದಿನ ಎರಡು ಸಲ ಸೇವ್ ಒತ್ತಿರುತ್ತಾರೆ. ನೆಟ್‌ವರ್ಕ್ ನಿಧಾನ ಇದ್ದಾಗ ಯಾರಾದರೂ ಒತ್ತಿಯೇ ಒತ್ತುತ್ತಾರೆ. ಊರಿನ ನಂಬರ್ ಮತ್ತು ತಾರೀಕು ಎರಡನ್ನೂ ಸೇರಿಸಿ ಯುನಿಕ್ ಕೀ ಹಾಕಿದರೆ ಎರಡನೇ ದಾಖಲೆ ಒಳಗೆ ಹೋಗುವುದಿಲ್ಲ.

ಸೋಮವಾರಪೇಟೆ 'ಸೋಮವಾರ' ಆದದ್ದು

ಕಾಲಂ ಕಿರಿದಾಗಿದೆ ಎಂದು ಹೆಸರನ್ನು 20ಕ್ಕೆ ಕತ್ತರಿಸುವಂತೆ ಸಬ್‌ಸ್ಟ್ರಿಂಗ್ ಬಳಸಿದ್ದೆ. ಪುಟದಲ್ಲಿ 'ಸೋಮವಾರ' ಎಂದು ಬಂದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆಯ ಚೌಕ ಕೂತಿತ್ತು. ಪಿಎಚ್‌ಪಿಯ ಮಾಮೂಲಿ ಸಬ್‌ಸ್ಟ್ರಿಂಗ್ ಎಣಿಸುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಸೋಮವಾರಪೇಟೆಯಲ್ಲಿ ಸ್ವರದ ಗುರುತುಗಳೂ ಸೇರಿ 10 ಸಂಕೇತ ಇವೆ, ಅಂದರೆ 30 ಬೈಟು. 20ಕ್ಕೆ ಕತ್ತರಿಸಿದರೆ ಆರು ಸಂಕೇತ ಪೂರ್ತಿ ಬರುತ್ತವೆ, ಏಳನೆಯದು ಅರ್ಧಕ್ಕೆ ತುಂಡಾಗುತ್ತದೆ.

ಇದೇ ತುಂಡು ಹೆಸರನ್ನು ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್‌ಗೆ ಕೊಟ್ಟರೆ ಇನ್ನೂ ವಿಚಿತ್ರ. ಪಿಎಚ್‌ಪಿ 8.1ಕ್ಕಿಂತ ಹಿಂದಿನ ಹಲವು ಆವೃತ್ತಿಗಳಲ್ಲಿ ಒಂದು ಬೈಟು ಕೆಟ್ಟಿದ್ದರೂ ಅದು ಪೂರ್ತಿ ಹೆಸರನ್ನೇ ಖಾಲಿ ಮಾಡಿ ಕೊಡುತ್ತದೆ. ಚೌಕ ಇರುತ್ತದೆ, ಒಳಗೆ ಹೆಸರಿಲ್ಲ. ಹಾಗೆ ಕಂಡರೆ ಎಲ್ಲಿ ಕತ್ತರಿಸುತ್ತಿದ್ದೀರಿ ಎಂದು ಹುಡುಕಿ. ಕತ್ತರಿಸಲೇಬೇಕಾದರೆ ಎಂಬಿ-ಸಬ್‌ಸ್ಟ್ರಿಂಗ್ ಬಳಸಿ. ನನ್ನ ಮಾತು ಕೇಳಿದರೆ ಊರ ಹೆಸರು ಕತ್ತರಿಸುವುದೇ ಬೇಡ. ಉದ್ದ ಇದ್ದರೆ ಎರಡನೇ ಸಾಲಿಗೆ ಇಳಿಯಲಿ.

ಎಲ್ಲ ಹೆಸರೂ ಬರೀ ಪ್ರಶ್ನೆ ಚಿಹ್ನೆಗಳಾಗಿ ಬಂದರೆ ಡೇಟಾಬೇಸಿನ ಸಂಪರ್ಕ ಯುಟಿಎಫ್8ಎಂಬಿ4ರಲ್ಲಿ ಇಲ್ಲ ಎಂದರ್ಥ. ಟೇಬಲ್ ಸರಿಯಿದ್ದರೆ ಸಾಲದು, ಸಂಪರ್ಕಕ್ಕೂ ಹೇಳಬೇಕು. ಟೇಬಲ್ಲಿನ ಒಳಗೇ ಪ್ರಶ್ನೆ ಚಿಹ್ನೆ ಸೇವ್ ಆಗಿಬಿಟ್ಟಿದ್ದರೆ ಆ ಹೆಸರು ವಾಪಸ್ ಬರುವುದಿಲ್ಲ, ಹೊಸದಾಗಿಯೇ ತುಂಬಬೇಕು.

ಅಡ್ಡ ಓದಬೇಕಾ, ಕೆಳಗೆ ಓದಬೇಕಾ

ಈಗ ನಿಜವಾದ ಕಾಲಂ ವಿಷಯ. ನಮ್ಮ ಹಿರಿಯರು ತೋಟದ ಪುಸ್ತಕ ಓದುವುದು ಮೇಲಿಂದ ಕೆಳಗೆ. ಒಂದು ಕಾಲಂ ಪೂರ್ತಿ ಇಳಿದು ಆಮೇಲೆ ಮುಂದಿನದಕ್ಕೆ. ಪುಟದಲ್ಲಿ ಮಾತ್ರ ಅಮ್ಮತ್ತಿ, ಐಗೂರು, ಕುಟ್ಟ ಅಡ್ಡಕ್ಕೆ ಬರುತ್ತವೆ. ಮೊದಲ ಕಾಲಂನಲ್ಲಿ ಅಮ್ಮತ್ತಿಯ ಕೆಳಗೆ ಕುಶಾಲನಗರ ಕಂಡರೆ 'ಐಗೂರು ಬಿಟ್ಟುಹೋಗಿದೆ' ಎಂದು ಅವರಿಗೆ ಅನಿಸುವುದು ಸಹಜ. ದಾಖಲೆ ಕಾಣೆ ಎಂದು ಬಂದ ಎಷ್ಟೋ ದೂರುಗಳು ನಿಜವಾಗಿ ಇದೇ ಆಗಿದ್ದವು.

ಕೆಳಮುಖವಾಗಿ ತರಲು ಮೊದಲು ನಾನು ಲೆಕ್ಕ ಹಾಕಿದ್ದು ಪಿಎಚ್‌ಪಿಯಲ್ಲಿ. 20ನ್ನು 3ರಿಂದ ಭಾಗಿಸಿ ಮೇಲಕ್ಕೆ ಏರಿಸಿದರೆ 7 ಸಾಲು. ಯಾವ ಮನೆಗೆ ಯಾವ ಊರು ಎಂದು ತಿಳಿಯಲು ಕಾಲಂ ನಂಬರನ್ನು 7ರಿಂದ ಗುಣಿಸಿ ಸಾಲಿನ ನಂಬರ್ ಕೂಡಿಸಿದೆ, ಎಲ್ಲವನ್ನೂ ಸೊನ್ನೆಯಿಂದ ಎಣಿಸಿ. ಮೊದಲ ಕಾಲಂ ಅಮ್ಮತ್ತಿಯಿಂದ ಚೆಟ್ಟಳ್ಳಿವರೆಗೆ, ಎರಡನೆಯದು ನಾಪೋಕ್ಲುವಿನಿಂದ ಮೂರ್ನಾಡುವರೆಗೆ, ಮೂರನೆಯದು ವಿರಾಜಪೇಟೆಯಿಂದ ಸೋಮವಾರಪೇಟೆವರೆಗೆ. 7, 7, 6. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡಿತು.

ಫೋನಿನಲ್ಲಿ ತೆರೆದಾಗ ಕೆಟ್ಟಿತು. ಕಿರಿದಾದ ಪರದೆಯಲ್ಲಿ ಮೂರು ಕಾಲಂ ಒಂದಾಗಿ ಇಳಿಯುತ್ತವೆ. ಆಗ ಬರುವುದು ಎಚ್‌ಟಿಎಂಎಲ್‌ನಲ್ಲಿ ಬರೆದ ಕ್ರಮ: ಅಮ್ಮತ್ತಿ, ನಾಪೋಕ್ಲು, ವಿರಾಜಪೇಟೆ, ಐಗೂರು, ಪಾಲಿಬೆಟ್ಟ, ಶನಿವಾರಸಂತೆ. ಅಕಾರಾದಿ ಪೂರ್ತಿ ಚೂರಾಯಿತು. ನಮ್ಮ ಪುಟ ನೋಡುವವರು ಬಹುಪಾಲು ಫೋನಿನವರೇ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಇದೇ ಚೂರಾದ ಕ್ರಮದಲ್ಲಿ ಓದುತ್ತದೆ.

ಅದಕ್ಕೇ ಈಗ ಪಿಎಚ್‌ಪಿಯಿಂದ ಆ ಲೆಕ್ಕ ಪೂರ್ತಿ ತೆಗೆದಿದ್ದೇನೆ. ಪಿಎಚ್‌ಪಿ 20 ಊರನ್ನು ಸುಮ್ನೆ ಒಂದಾದ ಮೇಲೆ ಒಂದು ಬರೆಯುತ್ತದೆ. ಹಂಚುವ ಕೆಲಸ ಸಿಎಸ್‌ಎಸ್‌ನ ಮಲ್ಟಿ-ಕಾಲಂಗೆ. ಕಾಲಂ-ವಿಡ್ತ್‌ಗೆ ಒಂದು ಅಳತೆ ಕೊಟ್ಟು, ಕಾಲಂ-ಕೌಂಟ್ 3 ಎಂದರೆ ಜಾಗ ಇದ್ದಲ್ಲಿ ಮೂರು, ಇಲ್ಲದಲ್ಲಿ ಎರಡು, ಫೋನಿನಲ್ಲಿ ಒಂದು. ಯಾವಾಗಲೂ ಮೇಲಿಂದ ಕೆಳಗೇ ತುಂಬುತ್ತದೆ. ಒಂದು ಚೌಕದ ಹೆಸರು ಒಂದು ಕಾಲಂನ ಬುಡದಲ್ಲಿ, ಮಳೆ ಲೆಕ್ಕ ಮುಂದಿನ ಕಾಲಂನ ತಲೆಯಲ್ಲಿ ಹೀಗೆ ಸೀಳಿ ಬಂದರೆ ಆ ಚೌಕಕ್ಕೆ ಬ್ರೇಕ್-ಇನ್‌ಸೈಡ್ ಅವಾಯ್ಡ್ ಎಂದು ಹಾಕಿ.

ಗ್ರಿಡ್‌ನಲ್ಲೂ (ಸಿಎಸ್‌ಎಸ್‌ನಲ್ಲಿ ಅಡ್ಡ-ಉದ್ದ ಮನೆಗಳಾಗಿ ಜೋಡಿಸುವ ಬಗೆ) ಕೆಳಮುಖ ತರಬಹುದು, ಗ್ರಿಡ್-ಆಟೋ-ಫ್ಲೋಗೆ ಕಾಲಂ ಎಂದು ಕೊಟ್ಟರೆ ಆಯಿತು. ಆದರೆ 7 ಸಾಲು ಎಂದು ಮೊದಲೇ ಹೇಳಬೇಕು. 22ನೇ ಊರು ಬಂದರೆ ಅದು ನಾಲ್ಕನೇ ಕಾಲಂಗೆ ಹಾರಿ ಪುಟ ಅಡ್ಡಕ್ಕೆ ಬೆಳೆಯುತ್ತದೆ. ಅಡ್ಡ ಓದುವ ಪಟ್ಟಿಯಾದರೆ ಗ್ರಿಡ್‌ನಂಥದ್ದು ಬೇರೆ ಇಲ್ಲ.

ಚೌಕ ಮಧ್ಯದಲ್ಲಿ ಸಿಕ್ಕಿಕೊಂಡರೆ

ಹಳೆಯ ಪುಟಗಳಲ್ಲಿ ಚೌಕಗಳನ್ನು ಫ್ಲೋಟ್ ಲೆಫ್ಟ್ ಮಾಡಿರುತ್ತಾರೆ. ಎಲ್ಲ ಚೌಕ ಒಂದೇ ಎತ್ತರ ಇರುವವರೆಗೆ ತೊಂದರೆಯಿಲ್ಲ. ಒಂದು ದಿನ ಷರಾದಲ್ಲಿ ಯಾರೋ "ರಾತ್ರಿ ಗಾಳಿ ಜೋರು, ಸಿಲ್ವರ್ ಮರ ಬಿದ್ದು ಲೈನ್ ಕಟ್" ಎಂದು ಉದ್ದಕ್ಕೆ ಬರೆಯುತ್ತಾರೆ. ಆ ಚೌಕ ಎತ್ತರವಾಗುತ್ತದೆ. ಮುಂದಿನ ಸಾಲಿನ ಮೊದಲ ಚೌಕ ಎಡಕ್ಕೆ ಹೋಗಲಾರದೆ ಅದಕ್ಕೆ ತಗುಲಿ ನಿಂತುಬಿಡುತ್ತದೆ. ಗ್ರಿಡ್‌ಗೆ ಬದಲಿಸಿದರೆ ಮುಗಿಯಿತು. ಮೂರು ಕಾಲಂ ಸಮ ಅಗಲಕ್ಕೆ ಬಾರದೆ ಒಂದು ಉಬ್ಬಿಕೊಂಡರೆ 1ಎಫ್‌ಆರ್ ಬದಲು ಮಿನ್‌ಮ್ಯಾಕ್ಸ್ ಸೊನ್ನೆ, 1ಎಫ್‌ಆರ್ ಎಂದು ಕೊಡಿ. ಬರೀ 1ಎಫ್‌ಆರ್ ಒಳಗಿನ ಉದ್ದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ.

ಚೌಕಗಳು ಮೆಟ್ಟಿಲಿನಂತೆ ಒಂದರೊಳಗೆ ಒಂದು ಇಳಿಯುತ್ತಿದ್ದರೆ ಲೂಪಿನಲ್ಲಿ ಡಿವ್ (ಚೌಕದ ಎಚ್‌ಟಿಎಂಎಲ್ ಟ್ಯಾಗ್) ಮುಚ್ಚಿಲ್ಲ.

ಮಳೆ ಜಾಸ್ತಿಯಿಂದ ಕಡಿಮೆಗೆ ಜೋಡಿಸಿದಾಗ

ಆರ್ಡರ್ ಬೈ ಇಲ್ಲದ ಕ್ವೆರಿಗೆ ಕ್ರಮದ ಖಾತ್ರಿ ಇಲ್ಲ. ಇವತ್ತು ಸರಿ ಬಂತು ಅಂದರೆ ನಾಳೆಯೂ ಬರುತ್ತದೆ ಎಂದೇನಿಲ್ಲ. ಆರ್ಡರ್ ಬೈ ಇದ್ದೂ 9 ಇಂಚು 12 ಇಂಚಿಗಿಂತ ಮೇಲೆ ಕೂತರೆ ಮಳೆಯ ಫೀಲ್ಡ್ ಅಕ್ಷರ ರೂಪದಲ್ಲಿದೆ. ಅಕ್ಷರವಾಗಿ ಹೋಲಿಸಿದರೆ 9 ದೊಡ್ಡದು, 1 ಚಿಕ್ಕದು. ಫೀಲ್ಡನ್ನು ಡೆಸಿಮಲ್‌ಗೆ ಬದಲಿಸಿ, ದಶಮಾಂಶಕ್ಕೆ ಎರಡು ಮನೆ ಕೊಡಿ.

ಬದಲಿಸುವ ಮೊದಲು ಒಂದು ಕೆಲಸ. ನಮ್ಮ ತೋಟಗಳಲ್ಲಿ ಮಳೆ ಅಳೆಯುವುದು ಇಂಚು, ಸೆಂಟ್‌ನಲ್ಲಿ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದು ಇಂಚು ಐದು ಸೆಂಟ್ ಅನ್ನು ಹಲವರು 1.5 ಎಂದೇ ಬರೆಯುತ್ತಾರೆ. ಡೇಟಾಬೇಸ್ ಅದನ್ನು ಒಂದೂವರೆ ಇಂಚು ಎಂದು ತಿಳಿಯುತ್ತದೆ. 45 ಸೆಂಟ್ ಜಾಸ್ತಿ ಆಯಿತು. ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ಹೊತ್ತಿನಲ್ಲಿ ಇದು ಸಣ್ಣ ತಪ್ಪಲ್ಲ. ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಎಂದು ಜನ ಅಕ್ಕಪಕ್ಕದ ಊರಿನ ಲೆಕ್ಕ ನೋಡಿ ತೀರ್ಮಾನ ಮಾಡುತ್ತಾರೆ. ಫಾರ್ಮಿನಲ್ಲಿ ಇಂಚಿಗೆ ಒಂದು ಡಬ್ಬಿ, ಸೆಂಟಿಗೆ ಇನ್ನೊಂದು ಡಬ್ಬಿ ಇಟ್ಟ ಮೇಲೆ ನಮ್ಮಲ್ಲಿ ಈ ತಪ್ಪು ನಿಂತಿತು. ಹಳೆಯ ದಾಖಲೆಗಳನ್ನು ಅವರವರ ಪುಸ್ತಕ ತರಿಸಿಕೊಂಡು ಒಂದೊಂದಾಗಿ ತಿದ್ದಿದೆವು.

ತಾರೀಕಿನದ್ದೂ ಒಂದು ಮಾತು. ಸರ್ವರ್ ಯುಟಿಸಿ ಸಮಯದಲ್ಲಿದ್ದರೆ ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ ಐದಕ್ಕೆ ಎದ್ದು ಪುಟ ತೆರೆದವರಿಗೆ ಸರ್ವರಿನ 'ಇವತ್ತು' ಅಂದರೆ ನಿನ್ನೆ. ಸಂಪರ್ಕ ತೆರೆದ ಕೂಡಲೇ ಟೈಮ್‌ಝೋನ್ +05:30 ಎಂದು ಹೇಳಿಬಿಡಿ.

ಎಲ್ಲ ತಿದ್ದಿದ ಮೇಲೆ ಬರೀ 20 ಊರಿಟ್ಟು ನೋಡಿ ಬಿಡಬೇಡಿ. ಒಂದು ಪ್ರತಿ ಟೇಬಲ್ ಮಾಡಿಕೊಂಡು 1, 2, 3, 4, 21, 22 ದಾಖಲೆ ಇಟ್ಟು ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆಯಿರಿ. ಕೊನೆಗೆ ಟೇಬಲ್ ಪೂರ್ತಿ ಖಾಲಿ ಮಾಡಿ ತೆರೆಯಿರಿ. ಆಗ ಬಿಳಿ ಪುಟ ಬಂದರೆ ಇನ್ನೂ ಒಂದು ಕೆಲಸ ಬಾಕಿ ಇದೆ, 'ಇವತ್ತಿನ ಲೆಕ್ಕ ಇನ್ನೂ ಬಂದಿಲ್ಲ' ಎಂಬ ಒಂದು ಸಾಲು ಅಲ್ಲಿ ಬರಬೇಕು.